ಗಟ್ಟಿ ನೆಲದ ಗುರುತು

ದಾವಣಗೆರೆ
26 ಆಗಸ್ಟ್ 2024

ಪ್ರೀತಿಯ ಅತ್ತಿಗೆ,

ನಿಮ್ಮ ಲಕೋಟೆ ಶನಿವಾರ ಕಾಲೇಜಿಗೆ ಬಂತು. ಹಳೇ ಕ್ಯಾಲೆಂಡರಿನ ಹಾಳೆಗಳ ನಡುವೆ ಒತ್ತಿ ಕಳಿಸಿದ್ದಿರಲ್ಲ, ಹೂವಿನ ಒಂದು ಎಸಳೂ ಮುರಿದಿಲ್ಲ. ಖೈರುನ್ನೀಸಾ ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ, "ಚೈತ್ರಾ, ಇದನ್ನ ಕಳಿಸಿದೋರು ಯಾರಮ್ಮ?" ಅಂದರು. "ನಮ್ಮ ಅತ್ತಿಗೆ ಮೇಡಂ, ಚೌಡೇಶ್ವರಿ" ಅಂದೆ. ಹೇಳುವಾಗ ನನಗೇ ಹೆಮ್ಮೆಯಾಯಿತು.

ನೀವು ಬೆಳ್ಳಕ್ಕಿ ಹೂ ಅನ್ನುವುದು ನೆಲದಲ್ಲಿ ಬೆಳೆಯುವ ಒಂದು ಕಾಡು ಆರ್ಕಿಡ್. ಮೇಡಂ ಈ ಸುತ್ತಿನ ಕೆರೆ, ಹಳ್ಳ, ಜೌಗು ಯಾವುದನ್ನೂ ಬಿಟ್ಟವರಲ್ಲ, ಆದರೆ ಈ ಗಿಡವನ್ನು ಜಿಲ್ಲೆಯಲ್ಲಿ ಒಮ್ಮೆಯೂ ಕಂಡಿಲ್ಲವಂತೆ. ನಾನು ಇಲ್ಲಿ ಒಣಗಿದ ಗಿಡಗಳನ್ನು ಹಾಳೆಗೆ ಹೊಲಿದು, ಹೆಸರು ಬರೆದು ಬೀರುವಿನಲ್ಲಿ ಇಡುವವಳು. ಇಷ್ಟು ವರ್ಷ ಬೇರೆಯವರು ತಂದ ಗಿಡಗಳನ್ನೇ ಹೊಲಿದಿದ್ದೇನೆ. ನಮ್ಮೂರು ಸಾರಥಿಯ ಹುದುಲಿನ ಕೆಸರಿನಿಂದ ಬಂದ ಗಿಡ ಇದೇ ಮೊದಲು.

ನಾನೇ ಬಂದು ನೋಡುವ ಹಾಗಿಲ್ಲ. ಶಿವಕುಮಾರನನ್ನು ಮದುವೆಯಾದ ದಿನ ಅಣ್ಣ ನಡುಬೀದಿಯಲ್ಲಿ ನಿಂತು "ಈ ಹೊಸ್ತಿಲು ತುಳಿದ್ರೆ ನನ್ನ ಹೆಣ ನೋಡ್ತೀಯ" ಅಂದದ್ದು ನಿಮಗೂ ನೆನಪಿದೆ. ಜಾತಿ ಬಿಟ್ಟು ಮದುವೆಯಾದ ತಂಗಿ ಅವನ ಪಾಲಿಗೆ ಸತ್ತಂತೆ. ಮನೆಗಿರುವ ಒಂದೇ ಫೋನು ಅವನ ಜೇಬಿನಲ್ಲಿ. ಹಾಗಾಗಿ ನಮ್ಮಿಬ್ಬರಿಗೆ ಕಾಗದವೇ ಗತಿ. ಎಂದಿನಂತೆ ಅಂಗನವಾಡಿಯ ರುಕ್ಸಾನಾ ಟೀಚರ್ ಹೆಸರಿಗೇ ಹಾಕುತ್ತೇನೆ.

ನಿಮ್ಮಿಂದ ಒಂದು ಕೆಲಸ ಆಗಬೇಕು. ದೀಪಾವಳಿ ಹೊತ್ತಿಗೆ ಈ ಗಿಡದ ಎಲೆಯೂ ಒಣಗಿ ಹೋಗುತ್ತದೆ, ನೆಲದೊಳಗೆ ಗಡ್ಡೆ ಮಾತ್ರ ಉಳಿಯುತ್ತದೆ. ಆಮೇಲೆ ಎಲ್ಲಿತ್ತು ಅಂತ ಹುಡುಕಿದರೂ ಸಿಗುವುದಿಲ್ಲ. ಹೂವಿರುವಾಗಲೇ ಒಂದೊಂದು ಗಿಡದ ಪಕ್ಕ ಒಂದೊಂದು ಕಡ್ಡಿ ನೆಟ್ಟು, ಬಣ್ಣದ ಬಟ್ಟೆ ಕಟ್ಟಿಬಿಡಿ. ಮುಂದಿನ ಮಳೆಗಾಲದಲ್ಲಿ ಮೇಡಂ ಬಂದು ಎಣಿಸುತ್ತಾರೆ. ಅಣ್ಣನಿಗೆ ನನ್ನ ಹೆಸರು ಹೇಳಬೇಡಿ. ಹೇಳಿದರೆ ಎಲ್ಲವನ್ನೂ ಕಿತ್ತು ಎಮ್ಮೆಗೆ ಹಾಕಿಯಾನು.

ನಿಮ್ಮ
ಚೈತ್ರಾ


ಸಾರಥಿ
8 ಸೆಪ್ಟೆಂಬರ್ 2024

ಚೈತ್ರಾ,

ನೀನು ಹೇಳಿದ ಕೆಲಸ ಮುಗಿಯಿತು. ಇನ್ನು ನಿನ್ನ ಕಾಲೇಜಿನಲ್ಲಿ ನನಗೂ ಒಂದು ಕುರ್ಚಿ ಹಾಕಿಸು. ಮನೆ ಹಿಂದೆ ಬಿದ್ದಿದ್ದ ತೊಗರಿ ಕಡ್ಡಿಗಳನ್ನು ಮುರಿದುಕೊಂಡೆ. ನನ್ನ ಮದುವೆಯ ಕೆಂಪು ರವಿಕೆ ಈಗ ತೋಳಿಗೂ ಏರುವುದಿಲ್ಲ, ಅದನ್ನೇ ಹರಿದು ಪಟ್ಟಿ ಮಾಡಿದೆ. ಈಗ ಕಾಲುವೆ ಏರಿಯ ಮೇಲೆ ನಿಂತು ನೋಡಿದರೆ ನನ್ನ ರವಿಕೆ ಹುದುಲಿನ ತುಂಬ ಹರಡಿಕೊಂಡಿದೆ.

ನೀನು ಊರು ಬಿಟ್ಟ ಮೇಲೆ ಹುದುಲು ಇನ್ನೂ ದೊಡ್ಡದಾಗಿದೆ. ಕಾಲುವೆ ನೀರು ಜಿನುಗಿ ಜಿನುಗಿ ನಮ್ಮ ಗದ್ದೆಯ ಬದುವಿನವರೆಗೆ ಬಂದಿದೆ. ಮೇಲೆ ನೋಡಿದರೆ ಹಸಿರು ಹುಲ್ಲು, ಕಾಲಿಟ್ಟರೆ ಅಂಬಲಿಯಂಥ ಕೆಸರು. ಹೋದ ವರ್ಷ ಬಕ್ಕೇಶಪ್ಪನವರ ಎಮ್ಮೆ ನಡುವಿನ ಗುಂಡಿಗೆ ಇಳಿದು, ಊರವರೆಲ್ಲ ಹಗ್ಗ ಹಾಕಿ ಎಳೆಯುವಷ್ಟರಲ್ಲಿ ಮೂಗು ಮುಳುಗಿ ಹೋಯಿತು. ಅದು ಕೊನೆಗೆ ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ನಾನು ಬೆಳ್ಳಕ್ಕಿ ಹೂವಿರುವ ಏರಿಯ ಬದಿಯನ್ನು ಬಿಟ್ಟು ಆಚೆ ಹೋಗಲಿಲ್ಲ. ಅಲ್ಲಿ ನೆಲ ಗಟ್ಟಿಯಿದೆ.

ಬೆಳ್ಳಕ್ಕಿಯ ಬುಡದಲ್ಲಿ ಇನ್ನೊಂದು ಸಣ್ಣ ಗಿಡವೂ ಇದೆ. ಎಲೆಯ ಮೇಲೆಲ್ಲ ಕೆಂಪು ಕೂದಲು, ಕೂದಲ ತುದಿಗೆ ಅಂಟಿನ ಹನಿ. ಒಂದು ನೊಣ ಬಂದು ಕೂತಿತು ನೋಡು, ಮತ್ತೆ ಏಳಲಿಲ್ಲ. ಅದು ಒದ್ದಾಡಿದಷ್ಟೂ ಎಲೆ ಮಡಚಿಕೊಂಡಿತು. ಅದನ್ನು ಒತ್ತಿ ಕಳಿಸು ಅಂತ ಮಾತ್ರ ಹೇಳಬೇಡ.

ನಿಮ್ಮಣ್ಣ ಕಡ್ಡಿ ನೋಡಿ, "ಏನೇ ಅದು, ಹುದುಲಿಗೆ ಬಾಸಿಂಗ ಕಟ್ಟೀಯ?" ಅಂದರು. ನಿನ್ನ ಹೆಸರು ಹೇಳುವಂತಿಲ್ಲವಲ್ಲ, ಬಾಯಿಗೆ ಬಂದದ್ದು ಹೇಳಿದೆ. "ಹುಲ್ಲು ಕೊಯ್ಯಾಕೆ ಹೋದಾಗ ಕಾಲು ಹುಗೀಬಾರ್ದು ಅಂತ ಗಟ್ಟಿ ನೆಲದ ಗುರುತು ಇಟ್ಟೀನಿ. ಕಡ್ಡಿ ಇದ್ದ ಕಡೆ ನಿಂತ್ರೆ ಏನೂ ಆಗಲ್ಲ" ಅಂದೆ. "ಭಾಳ ಶಾಣ್ಯಾ ಆಗೀಯ ಬಿಡು" ಅಂತ ನಕ್ಕರು. ಅವರು ನಕ್ಕು ಎಷ್ಟು ದಿನವಾಗಿತ್ತೋ.

ಇನ್ನೊಂದು ಸುದ್ದಿ. ಬೇರು, ನಾರು, ಗಡ್ಡೆ ಕೊಳ್ಳುವವನೊಬ್ಬ ಬಿಳಿ ವ್ಯಾನಿನಲ್ಲಿ ಮಲೆಬೆನ್ನೂರು ಕಡೆಯಿಂದ ಬರುತ್ತಾನೆ. ಇಸ್ತ್ರಿ ಮಾಡಿದ ಅಂಗಿ, ಮಾತಿಗೊಮ್ಮೆ ಅಕ್ಕಾ ಅಕ್ಕಾ ಅನ್ನುತ್ತಾನೆ. ನಿಮ್ಮಣ್ಣನಿಗೂ ಅವನಿಗೂ ಒಳ್ಳೆಯ ಸ್ನೇಹವಾಗಿದೆ.

ಚೌಡೇಶ್ವರಿ


ದಾವಣಗೆರೆ
20 ಸೆಪ್ಟೆಂಬರ್ 2024

ಪ್ರೀತಿಯ ಅತ್ತಿಗೆ,

ನಿಮ್ಮ ರವಿಕೆಯ ಕಥೆ ಓದಿ ಶಿವಕುಮಾರನೂ ನಾನೂ ಬಿದ್ದು ಬಿದ್ದು ನಕ್ಕೆವು. ಆದರೆ ಕೊನೆಯ ನಾಲ್ಕು ಸಾಲು ಮೇಡಂಗೆ ಓದಿ ಹೇಳಿದಾಗ ಅವರ ಮುಖ ಬದಲಾಯಿತು. ಈ ಜಾತಿಯ ಗಡ್ಡೆಗಳನ್ನು ಶಕ್ತಿಯ ಔಷಧಿ ಅಂತ ಕದ್ದು ಮಾರುವವರು ಇದ್ದಾರಂತೆ. ಅವರು ಒಂದು ಜಾಗಕ್ಕೆ ಕಾಲಿಟ್ಟರೆ ಒಂದು ಗಿಡವನ್ನೂ ಉಳಿಸುವುದಿಲ್ಲವಂತೆ. ಕಾಡು ಆರ್ಕಿಡ್ ಕಿತ್ತು ಮಾರಿದರೆ ಜೈಲು ಅಂತಲೂ ಹೇಳಿದರು.

ಆ ವ್ಯಾನಿನವನಿಗೆ ಹುದುಲು ತೋರಿಸಬೇಡಿ. ಅಣ್ಣ ಹುಂಬ, ಸ್ನೇಹ ಅಂದರೆ ಮನೆಯ ಬಾಗಿಲು ತೆಗೆದು ಕೂರಿಸುವವನು. ಏನಾದರೂ ನೆಪ ಹೇಳಿ ಅವನನ್ನು ದೂರ ಇಡಿ. ನಿಮ್ಮನ್ನು ಬಿಟ್ಟರೆ ಆ ಗಿಡಗಳಿಗೆ ಇನ್ಯಾರೂ ಇಲ್ಲ.

ಚೈತ್ರಾ


ಸಾರಥಿ
9 ಅಕ್ಟೋಬರ್ 2024

ಚೈತ್ರಾ,

ಹುದುಲಿನಲ್ಲಿ ಅಲ್ಲಲ್ಲಿ ಗುಂಡಿ ಕಂಡವು. ಬೆಳ್ಳಕ್ಕಿ ಗಿಡ ಇದ್ದ ಕಡೆ. ಕಡ್ಡಿ ಹಾಗೇ ಇವೆ, ಗಿಡ ಇಲ್ಲ. ಹಂದಿ ಅಗೆದಿರಬಹುದು. ತಿಳಿಸಬೇಕು ಅಂತ ಅನ್ನಿಸಿತು, ತಿಳಿಸಿದ್ದೇನೆ. ಹಬ್ಬದ ಕೆಲಸ ತುಂಬ ಇದೆ.

ಚೌಡೇಶ್ವರಿ


ದಾವಣಗೆರೆ
16 ಅಕ್ಟೋಬರ್ 2024

ಅತ್ತಿಗೆ,

ಹಂದಿ ಅಗೆದರೆ ಕಡ್ಡಿ ನಿಂತಿರುತ್ತದೆಯೇ? ಹಂದಿ ಹುದುಲನ್ನೆಲ್ಲ ಉತ್ತು ಹಾಕುತ್ತದೆ, ಬೆಳ್ಳಕ್ಕಿಯನ್ನೇ ಆರಿಸಿಕೊಂಡು ಅಗೆಯುವುದಿಲ್ಲ. ಇದು ಮನುಷ್ಯನ ಕೆಲಸ. ನಿಮಗೂ ಅದು ಗೊತ್ತಿದೆ, ನಾನು ಹೆದರುತ್ತೇನೆ ಅಂತ ಹಂದಿಯ ಹೆಸರು ಹೇಳುತ್ತಿದ್ದೀರಿ.

ನನಗೆ ಎಷ್ಟು ಸಿಟ್ಟು ಬಂದಿದೆ ಅಂದರೆ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಅವನು ಯಾರೇ ಆಗಲಿ, ಹಿಡಿಸದೆ ಬಿಡುವುದಿಲ್ಲ. ಕಡ್ಡಿಗಳನ್ನು ಕೀಳಬೇಡಿ, ಹಾಗೇ ಇರಲಿ. ಅವನು ಮತ್ತೆ ಅಲ್ಲಿಗೇ ಬರುತ್ತಾನೆ.

ನಿಮ್ಮ ಕಾಗದ ಯಾಕೆ ಇಷ್ಟು ಚಿಕ್ಕದು? ನನ್ನ ಮೇಲೆ ಬೇಜಾರಾಗಿದ್ದರೆ ಬೈದು ಬರೆಯಿರಿ. ಹೀಗೆ ತಣ್ಣಗೆ ಬರೆಯಬೇಡಿ.

ಚೈತ್ರಾ


ಸಾರಥಿ
27 ಅಕ್ಟೋಬರ್ 2024

ಚೈತ್ರಾ,

ಈ ಕಾಗದವನ್ನು ನಿನಗೆ ಹಾಕುವುದಿಲ್ಲ. ಬರೆದು ಅಕ್ಕಿ ಡಬ್ಬಿಯ ತಳದಲ್ಲಿ ಇಡುತ್ತೇನೆ. ಯಾರಿಗಾದರೂ ಹೇಳದಿದ್ದರೆ ನನ್ನ ಎದೆ ಒಡೆಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಕಳ್ಳ ನಿಮ್ಮಣ್ಣ.

ದಸರಾ ಹಬ್ಬಕ್ಕೆ ಅಂತ ಅಟ್ಟ ಗುಡಿಸಲು ಹತ್ತಿದ್ದೆ. ಮೂಲೆಯಲ್ಲಿ ಗೋಣಿಯ ಮೇಲೆ ಗಡ್ಡೆ ಒಣಗಲು ಹಾಕಿದ್ದರು. ಜೋಡಿ ಜೋಡಿಯಾಗಿ, ಒಂದು ಸುಕ್ಕಿದ್ದು ಒಂದು ತುಂಬಿದ್ದು. ಕೆಳಗೆ ಬಂದು ಕೇಳಿದೆ. ಮೊದಲು ಬೈದರು. ಆಮೇಲೆ ಗೋಡೆಗೆ ಒರಗಿ ಕೂತು ಮುಖ ಮುಚ್ಚಿಕೊಂಡರು.

ಗಟ್ಟಿ ನೆಲ ಅಂತ ನಾನು ಹೇಳಿದೆನಲ್ಲ, ಹುಲ್ಲು ಕೊಯ್ಯಲು ಅವರು ಕಡ್ಡಿಗಳ ಜಾಡು ಹಿಡಿದೇ ಇಳಿದಿದ್ದಾರೆ. ಪ್ರತಿ ಕಡ್ಡಿಯ ಪಕ್ಕ ಅದೇ ಬಿಳಿ ಹೂವಿನ ಗಿಡ. ಒಂದು ಕಿತ್ತು ವ್ಯಾನಿನವನಿಗೆ ತೋರಿಸಿದ್ದಾರೆ, ಇದೇನಾದರೂ ಔಷಧಿಗೆ ಬರುತ್ತದೆಯೇ ಅಂತ. ಕಳೆ ಗಿಡ, ಕಿತ್ತರೆ ಯಾರಿಗೇನು ನಷ್ಟ ಅಂದುಕೊಂಡಿದ್ದರಂತೆ. ಅವನು ನಗುನಗುತ್ತ ಫೋಟೋ ತೆಗೆದುಕೊಂಡ. ನಿಮ್ಮಣ್ಣನ ಕೈಯಲ್ಲಿ ಗಿಡ, ಹಿಂದೆ ನಮ್ಮ ಗದ್ದೆ, ಮುಖ ಚೆನ್ನಾಗಿ ಕಾಣುವ ಹಾಗೆ.

ಮೊನ್ನೆ ನಾನಿರುವಾಗಲೇ ಬಂದ. ಚಹಾ ಕುಡಿದ. ಇವರು, "ಸಾಕು ಬಿಡ್ರಿ, ಕೆಸರಾಗ ಇಳಿಯಾಕೆ ಹೆದರಿಕೆ ಆಗ್ತೈತೆ" ಅಂದರು. ಅವನು ಲೋಟ ಕೆಳಗಿಟ್ಟು ಫೋನು ತೆಗೆದು ಇವರ ಮುಂದೆ ಹಿಡಿದ. "ಹೆದ್ರಬ್ಯಾಡ್ರಿ ಮಾಲತೇಶಣ್ಣ. ಇದು ಅರಣ್ಯದೋರ ಕೈಗೆ ಸಿಕ್ರೆ ಹೆದ್ರಬೇಕು. ನನ್ನ ಹತ್ರ ಇರೋತನ ಯಾಕ ಹೆದರ್ತೀರಿ?" ಅಂದ. ಒಂದು ಚೂರೂ ದನಿ ಏರಿಸಲಿಲ್ಲ. ಹೋಗುವಾಗ ನನ್ನ ಕಡೆ ತಿರುಗಿ "ಚಹಾ ಚೆನ್ನಾಗಿತ್ತಕ್ಕಾ" ಅಂದ. ಅವನು ಹೋದ ಮೇಲೆ ಆ ಲೋಟ ತೊಳೆಯಲು ನನ್ನ ಕೈ ಬರಲಿಲ್ಲ.

ನಿನಗೆ ಹೇಗೆ ಬರೆಯಲಿ? ಅವನು ಯಾರೇ ಆಗಲಿ ಹಿಡಿಸದೆ ಬಿಡುವುದಿಲ್ಲ ಅಂತ ನೀನೇ ಬರೆದಿದ್ದೀಯ. ನಿನಗೂ ಅಣ್ಣನಿಗೂ ಮೊದಲೇ ಮಾತಿಲ್ಲ. ಸಿಟ್ಟಿನಲ್ಲಿ ನೀನು ನಿನ್ನ ಮೇಡಂಗೆ ಹೇಳಿಬಿಟ್ಟರೆ ನನ್ನ ಸಂಸಾರ ಮುಗಿಯಿತು. ನೀನು ಹಾಗೆ ಮಾಡುವವಳಲ್ಲ ಅಂತ ಒಮ್ಮೆ ಅನ್ನಿಸುತ್ತದೆ, ಮಾಡುತ್ತೀಯ ಅಂತ ಇನ್ನೊಮ್ಮೆ ಅನ್ನಿಸುತ್ತದೆ. ವ್ಯಾನಿನ ಸದ್ದು ಕೇಳಿದರೂ ಹೆದರಿಕೆ, ನಿನ್ನ ಕಾಗದ ಬಂದರೂ ಹೆದರಿಕೆ.


ಸಾರಥಿ
4 ನವೆಂಬರ್ 2024

ಪ್ರೀತಿಯ ಚೈತ್ರಾ,

ಹಬ್ಬ ಚೆನ್ನಾಗಿ ಆಯಿತು. ಹೋಳಿಗೆ ಮಾಡಿದಾಗ ನಿನ್ನ ನೆನಪಾಯಿತು, ನೀನು ಹೂರಣವನ್ನೇ ಕದ್ದು ತಿನ್ನುತ್ತಿದ್ದೆಯಲ್ಲ.

ಹುದುಲಿನಲ್ಲಿ ಮತ್ತೆ ಗುಂಡಿ ಬಿದ್ದಿಲ್ಲ. ನಾನು ದಿನಾ ನೋಡುತ್ತೇನೆ. ಅವತ್ತು ಯಾರೋ ದಾರಿಹೋಕರು ಕಿತ್ತಿರಬೇಕು, ಅಷ್ಟೇ. ಯಾರಿಗೂ ಹೇಳುವುದು ಬೇಡ. ಅರಣ್ಯದವರು, ಪೊಲೀಸಿನವರು ಊರೊಳಗೆ ಬಂದರೆ ನಮ್ಮ ಗದ್ದೆಯ ಪಕ್ಕವೇ ಬರಬೇಕು, ನಿಮ್ಮಣ್ಣನನ್ನೇ ಕರೆದು ಕೇಳುತ್ತಾರೆ. ಅವರಿಗೆ ಈಗ ಮೈಯಲ್ಲೂ ಅಷ್ಟು ಹುಷಾರಿಲ್ಲ. ಹೂವಿನ ಸುದ್ದಿ ಇಲ್ಲಿಗೆ ಬಿಟ್ಟುಬಿಡೋಣ ಚೈತ್ರಾ. ನಾವು ಮೊದಲಿನ ಹಾಗೆ ಮನೆ ಮಾತು ಬರೆದುಕೊಳ್ಳೋಣ.

ನಿನ್ನ
ಅತ್ತಿಗೆ


ದಾವಣಗೆರೆ
19 ನವೆಂಬರ್ 2024

ಅತ್ತಿಗೆ,

ನೀವು ಬಿಟ್ಟುಬಿಡೋಣ ಅಂದ ಕಾಗದವನ್ನು ಎಷ್ಟು ಸಲ ಓದಿದೆನೋ. ಹೋಳಿಗೆ, ಹಬ್ಬ, ದಾರಿಹೋಕರು. ನೀವು ಹೀಗೆ ಬರೆಯುವವರೇ ಅಲ್ಲ. ನನಗೆ ಅರ್ಥವಾಯಿತು, ಆ ವ್ಯಾನಿನವನು ನಿಮ್ಮನ್ನು ಹೆದರಿಸಿದ್ದಾನೆ. ಅಣ್ಣನಿಗೆ ಹೇಳಿದರೆ ಅವನು ಕೊಡಲಿ ಹಿಡಿದು ಹೊರಡುತ್ತಾನೆ ಅಂತ ನೀವು ಒಬ್ಬರೇ ನುಂಗಿಕೊಂಡು ಕೂತಿದ್ದೀರಿ. ಅಲ್ಲವೇ?

ಇನ್ನು ನೀವು ಹೆದರಬೇಕಾಗಿಲ್ಲ. ಮೇಡಂ ಮತ್ತು ನಾನು ಅರಣ್ಯ ಇಲಾಖೆಗೆ ಹೋಗಿ ಬಂದೆವು. ಬರುವ ಭಾನುವಾರ, ಇಪ್ಪತ್ನಾಲ್ಕನೇ ತಾರೀಖು, ಬೆಳಕು ಹರಿಯುವ ಮೊದಲೇ ಅವರ ಕಾವಲುಗಾರರು ಏರಿಯ ಹಿಂದೆ ಬಂದು ಕೂರುತ್ತಾರೆ. ಕೆಂಪು ಬಟ್ಟೆಯ ಕಡ್ಡಿಗಳ ಹತ್ತಿರ ಯಾರು ಅಗೆಯುತ್ತಾರೋ ಅವರನ್ನು ಹಿಡಿಯಿರಿ ಅಂತ ನಾನೇ ನಕ್ಷೆ ಬರೆದು ಕೊಟ್ಟಿದ್ದೇನೆ.

ಯಾರಿಗೂ ಹೇಳಬೇಡಿ, ಅಣ್ಣನಿಗೂ ಬೇಡ. ಭಾನುವಾರ ಬೆಳಿಗ್ಗೆ ಅವನನ್ನು ಆ ಕಡೆ ಹೋಗದ ಹಾಗೆ ನೋಡಿಕೊಳ್ಳಿ, ಜಗಳದಲ್ಲಿ ಸಿಕ್ಕಿಬಿಟ್ಟಾನು. ನನ್ನ ಜೊತೆ ಮಾತು ಬಿಟ್ಟಿದ್ದರೂ ಅವನು ನನ್ನ ಅಣ್ಣ. ಅವನ ಕಾಲಿಗೆ ಮುಳ್ಳು ಚುಚ್ಚುವುದೂ ನನಗೆ ಬೇಡ.

ಚೈತ್ರಾ


ಹರಿಹರ, ಆಸ್ಪತ್ರೆ
26 ನವೆಂಬರ್ 2024

ಚೈತ್ರಾ,

ನಿನ್ನ ಹತ್ತೊಂಬತ್ತನೇ ತಾರೀಖಿನ ಕಾಗದ ನನ್ನ ಕೈಗೆ ಬಂದದ್ದು ಇವತ್ತು. ರುಕ್ಸಾನಾ ಟೀಚರ್ ತರಬೇತಿಗೆ ಹೋಗಿದ್ದರಂತೆ. ಅಂಗನವಾಡಿ ಬಾಗಿಲ ಕೆಳಗೆ ಬಿದ್ದಿದ್ದ ಲಕೋಟೆಯನ್ನು ಇವತ್ತು ಇಲ್ಲಿಗೇ ತಂದುಕೊಟ್ಟರು. ಓದಿ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

ನಿಮ್ಮಣ್ಣ ಬದುಕಿದ್ದಾರೆ. ಅದನ್ನು ಮೊದಲು ಹೇಳಬೇಕಿತ್ತು.

ಅಕ್ಟೋಬರಿನಲ್ಲಿ ಬರೆದು ಬಚ್ಚಿಟ್ಟಿದ್ದ ಕಾಗದವನ್ನು ರುಕ್ಸಾನಾ ಟೀಚರ್ ಕೈಲಿ ಮನೆಯಿಂದ ತರಿಸಿ ಇದರ ಜೊತೆ ಇಟ್ಟಿದ್ದೇನೆ. ಅದನ್ನು ಮೊದಲು ಓದು. ಓದಿ ಮುಗಿಸಿ ಆಮೇಲೆ ಇದಕ್ಕೆ ಬಾ.

ಹೋದ ವಾರ ವ್ಯಾನಿನವನು ಬಂದು, "ಮಾಲತೇಶಣ್ಣ, ಭಾನುವಾರ ಬರ್ತೀನಿ. ಉಳಿದದ್ದು ಎಲ್ಲಾ ತೆಗೆದಿಡ್ರಿ. ಒಂದೂ ಬಿಡಬ್ಯಾಡ್ರಿ" ಅಂದ. ಇವರು ತಲೆಯಾಡಿಸಿದರು. ಆ ದಿನ ರಾತ್ರಿ ಇವರು ಅನ್ನ ಬಿಟ್ಟರು. ನಾನು ಒಂದು ಉಪಾಯ ಮಾಡಿದೆ. ಗಿಡವೆಲ್ಲ ಒಣಗಿ ನೆಲ ಬರಿದಾಗಿದೆ, ಬೆಳ್ಳಕ್ಕಿ ಎಲ್ಲಿದೆ ಅಂತ ತೋರಿಸುವುದು ನನ್ನ ಕಡ್ಡಿಗಳು ಮಾತ್ರ. ಕಡ್ಡಿ ಬೇರೆ ಕಡೆ ಹೋದರೆ ಅಗೆದವರಿಗೆ ಏನೂ ಸಿಗುವುದಿಲ್ಲ. ಮುಗಿದು ಹೋಯಿತು ಅಂತ ವ್ಯಾನಿನವನು ಇನ್ನೊಂದು ಊರು ನೋಡಿಕೊಳ್ಳುತ್ತಾನೆ. ಗಿಡವೂ ಉಳಿಯುತ್ತದೆ, ಗಂಡನೂ ಉಳಿಯುತ್ತಾನೆ.

ಶನಿವಾರ ಇವರು ಹರಿಹರಕ್ಕೆ ಹೋಗಿದ್ದಾಗ ಒಬ್ಬಳೇ ಇಳಿದೆ. ಕಡ್ಡಿಗಳನ್ನು ಕಿತ್ತು ಆಚೆ ಬದಿಯ ಜೇಕಿನ ಹುಲ್ಲಿನಲ್ಲಿ ನೆಟ್ಟೆ. ಅಲ್ಲಿ ಬರೀ ಜೇಕಿನ ಕೊನ್ನಾರಿ ಗಡ್ಡೆ, ಬೆಳ್ಳಕ್ಕಿ ಒಂದೂ ಇಲ್ಲ. ನಡುವಿನ ಗುಂಡಿಗೆ ಹೋಗಲಿಲ್ಲ, ಅಷ್ಟು ಬುದ್ಧಿ ನನಗಿದೆ. ಜೇಕಿನ ಮೇಲೆ ನಾನು ನಿಂತೆ, ಓಡಾಡಿದೆ, ಕಾಲು ಹುಗಿಯಲಿಲ್ಲ. ಗಟ್ಟಿ ಇದೆ ಅಂದುಕೊಂಡೆ. ಅದು ನೆಲವಲ್ಲ ಚೈತ್ರಾ. ಬೇರು ಹೆಣೆದುಕೊಂಡು ಚಾಪೆಯ ಹಾಗೆ ಕೆಸರಿನ ಮೇಲೆ ನಿಂತಿತ್ತು. ನನ್ನ ಭಾರ ತಡೆದುಕೊಂಡಿತು. ಇವರು ಅದರ ಮೇಲೆಯೇ ನಿಂತು ಹಾರೆ ಹಾಕಿ ಅಗೆದರೆ ಏನಾಗುತ್ತದೆ ಅಂತ ನಾನು ಯೋಚಿಸಲಿಲ್ಲ.

ಭಾನುವಾರ ಬೆಳಿಗ್ಗೆ ಒಲೆ ಮುಂದಿದ್ದೆ. ಹುದುಲಿನ ಕಡೆಯಿಂದ ಕೂಗು ಕೇಳಿತು. ಆ ಕೂಗು ನಾನು ಮೊದಲೂ ಕೇಳಿದ್ದೆ, ಆದರೆ ಈ ಸಲ ಅದರಲ್ಲಿ ನನ್ನ ಹೆಸರಿತ್ತು. ಓಡಿದೆ. ಏರಿಯ ಮೇಲೆ ಖಾಕಿ ಬಟ್ಟೆಯವರು ಓಡಾಡುತ್ತಿದ್ದರು. ಇವರ ಎದೆಯವರೆಗೆ ಕೆಸರು. ಎರಡೂ ಕೈ ಜೇಕಿನ ಹುಲ್ಲು ಹಿಡಿದಿದ್ದವು, ಹಿಡಿದ ಹುಲ್ಲೆಲ್ಲ ಕಿತ್ತುಕೊಂಡು ಬರುತ್ತಿತ್ತು. ನಾನು ಇಳಿಯಲು ಹೋದೆ, ಒಬ್ಬ ಕಾವಲುಗಾರ ಸೆರಗು ಹಿಡಿದು ಹಿಂದೆ ಎಳೆದ. "ನೀವು ಇಳಿದ್ರೆ ಇಬ್ರೂ ಹೋಗ್ತೀರಿ, ನಿಂದ್ರಿ" ಅಂತ ಕಿರುಚಿದ.

ಪಕ್ಕದ ಗದ್ದೆಯ ಹಯಾತ್ ಸಾಬ್ ಬಿದಿರಿನ ಏಣಿ ತಂದು ಕೆಸರಿನ ಮೇಲೆ ಮಲಗಿಸಿದರು. ಅದರ ಮೇಲೆ ಹೊಟ್ಟೆ ಹಾಕಿಕೊಂಡು ಇಬ್ಬರು ಕಾವಲುಗಾರರು ಹೋದರು. ಅಷ್ಟರಲ್ಲಿ ಕೆಸರು ಗದ್ದಕ್ಕೆ ಬಂದಿತ್ತು. ಇವರು ಕೂಗುವುದು ನಿಲ್ಲಿಸಿದ್ದರು. ಬಾಯಿ ತೆರೆದರೆ ಕೆಸರು ಒಳಗೆ ಹೋಗುತ್ತಿತ್ತು. ಕಣ್ಣು ಮಾತ್ರ ನನ್ನನ್ನು ನೋಡುತ್ತಿದ್ದವು. ಕಂಕುಳಿಗೆ ಹಗ್ಗ ಹಾಕಿ ಎಳೆದು ತಂದು, ಹಯಾತ್ ಸಾಬರ ಟ್ರ್ಯಾಕ್ಟರಿನಲ್ಲೇ ಇಲ್ಲಿಗೆ ತಂದೆವು. ನೀನು ಹಿಡಿಯಲು ಕಳಿಸಿದವರೇ ನಿಮ್ಮಣ್ಣನನ್ನು ಉಳಿಸಿದರು.

ನಿನ್ನೆ ಸ್ವಲ್ಪ ಮಾತಾಡಿದರು. ಕೆಮ್ಮಿ ಕೆಮ್ಮಿ ಹೇಳಿದರು, "ಕಡ್ಡಿ ಇತ್ತಲ್ಲೇ ಚೌಡಿ. ನೀನು ನೆಟ್ಟಿದ್ದು. ಕಡ್ಡಿ ಇದ್ದ ಕಡೆ ನೆಲ ಗಟ್ಟಿ ಐತೆ ಅಂತ ನೀನೇ ಹೇಳಿದ್ಯಲ್ಲ. ಅದಕ್ಕೇ ಧೈರ್ಯ ಮಾಡಿ ಹೋದೆ."

ನಾನು ಅವರ ಹಣೆ ಒರೆಸಿದೆ.

ಈಗ ಕೇಳು. ಇವರ ಹೆಗಲಿಗೆ ಒಂದು ಚೀಲ ಇತ್ತು, ಅದನ್ನು ಅರಣ್ಯದವರು ಒಯ್ದಿದ್ದಾರೆ. ಮಂಚದ ಪಕ್ಕ ಒಬ್ಬ ಕಾವಲು ಕೂತಿದ್ದಾನೆ. ವ್ಯಾನಿನವನು ಅವತ್ತು ಮುಖವನ್ನೇ ತೋರಿಸಲಿಲ್ಲ. ಚೀಲದಲ್ಲಿರುವುದು ಆರ್ಕಿಡ್ ಅಂತಾದರೆ ಕೇಸು, ಜೈಲು. ಗಡ್ಡೆ ನೋಡಿ ಹೇಳುವುದಕ್ಕೆ ದಾವಣಗೆರೆಯ ಕಾಲೇಜಿಗೆ ಕಳಿಸುತ್ತಾರಂತೆ. ಅಂದರೆ ನಿನಗೆ. ಭಾನುವಾರ ಅಗೆದದ್ದೆಲ್ಲ ಕೊನ್ನಾರಿಯೇ ಆಗಿರಬೇಕು. ಆದರೆ ಚೀಲದಲ್ಲಿ ಮೊದಲೇ ಏನಿತ್ತೋ ನನಗೆ ಗೊತ್ತಿಲ್ಲ. ಇದನ್ನು ಹೇಗೆ ಕೇಳಬೇಕೋ ಅದೂ ಗೊತ್ತಾಗುತ್ತಿಲ್ಲ. ಈ ಕಾಗದ ತಡವಾಗಬಾರದು ಅಂತ ರುಕ್ಸಾನಾ ಟೀಚರ್ ತಾವೇ ಬಸ್ಸಿಗೆ ಬಂದು ನಿನ್ನ ಕೈಗೆ ಕೊಡುತ್ತಾರೆ.

ನಿನ್ನ
ಅತ್ತಿಗೆ


ದಾವಣಗೆರೆ
2 ಡಿಸೆಂಬರ್ 2024

ಅತ್ತಿಗೆ,

ಅಣ್ಣನನ್ನು ಮನೆಗೆ ಕಳಿಸಿದರು ಅಂತ ರುಕ್ಸಾನಾ ಟೀಚರ್ ತಿಳಿಸಿದರು. ಕೇಸು ಇಲ್ಲ ಅಂತಲೂ ತಿಳಿಯಿತು. ಅದು ಹೇಗಾಯಿತು ಅಂತ ನೀವು ತಿಳಿದುಕೊಳ್ಳಬೇಕು. ನಿಮ್ಮನ್ನು ಬಿಟ್ಟರೆ ನಾನು ಯಾರಿಗೂ ಹೇಳುವಂತಿಲ್ಲ, ಶಿವಕುಮಾರನಿಗೂ ಹೇಳಿಲ್ಲ.

ಗುರುವಾರ ಚೀಲ ತಂದರು. ಅರಣ್ಯದ ಸಾಹೇಬರು, ಮೇಡಂ, ನಾನು. ಚೀಲದ ಮೇಲೆ ಅಣ್ಣನ ಹೆಸರು ಬರೆದ ಚೀಟಿ ಅಂಟಿಸಿದ್ದರು. ನಾನು ಅವನ ತಂಗಿ ಅಂತ ಸಾಹೇಬರಿಗೆ ಗೊತ್ತಿರಲಿಲ್ಲ. ಮೇಡಂಗೆ ಗೊತ್ತಿತ್ತು. ಚೀಲವನ್ನು ಮೇಜಿನ ಮೇಲೆ ಸುರಿದೆ. ಕಪ್ಪು ಗಡ್ಡೆಗಳು ಉರುಳಿದವು. ಒಂದನ್ನು ಮುರಿದು ಮೂಸಿದೆ, ಕೊನ್ನಾರಿಯ ಘಮ. ಜೀವ ಬಂದಂತಾಯಿತು. ಇನ್ನೊಂದು, ಮತ್ತೊಂದು, ಎಲ್ಲವೂ ಕೊನ್ನಾರಿ. ನೀವು ಗೆದ್ದಿರಿ ಅಂದುಕೊಂಡೆ.

ಚೀಲ ಕೊಡವಿದಾಗ ತಳದಿಂದ ಇನ್ನೊಂದು ಜೊತೆ ಬಿತ್ತು. ಒಂದು ಸುಕ್ಕಿದ್ದು, ಒಂದು ತುಂಬಿದ್ದು. ಬೆಳ್ಳಕ್ಕಿಯದೇ ಗಡ್ಡೆ. ತುಂಬಿದ್ದರ ತುದಿಯಲ್ಲಿ ಮುಂದಿನ ಮಳೆಗೆ ಏಳಬೇಕಾದ ಮೊಳಕೆ ಆಗಲೇ ಬಂದಿತ್ತು. ನಾನು ಇಷ್ಟು ದಿನ ಕಾದದ್ದು ಅದಕ್ಕಾಗಿ.

ಸಾಹೇಬರು, "ಇದೇನಮ್ಮ, ಬೇರೆ ಥರ ಐತಲ್ಲ?" ಅಂದರು. ಮೇಡಂ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸುತ್ತ ಕೂತರು. ಒರೆಸಿದ ಮೇಲೂ ಹಾಕಿಕೊಳ್ಳಲಿಲ್ಲ. ನಾನು, "ಇದು ಕೆಸವಿನ ಮರಿ ಗಡ್ಡೆ ಸಾರ್, ಕೆರೆ ಬದೀಲಿ ಎಲ್ಲಾ ಕಡೆ ಇರ್ತೈತೆ" ಅಂದೆ. ಆರ್ಕಿಡ್ ಯಾವುದೂ ಇಲ್ಲ ಅಂತ ಬರೆದು ಸಹಿ ಹಾಕಿದೆ. ನನ್ನ ಸಹಿಯ ಕೆಳಗೆ ಮೇಡಂ ಸಹಿ ಹಾಕಿದರು. ಸಾಹೇಬರು ಹೋದ ಮೇಲೆ ಅವರು ನನ್ನ ಜೊತೆ ಮಾತಾಡಲಿಲ್ಲ. ಇವತ್ತಿನವರೆಗೂ ಆಡಿಲ್ಲ.

ಅಣ್ಣನಿಗಾಗಿ ಮಾಡಿದೆ. ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ, ನಾಚಿಕೆ ಇದೆ. ಅವನು ಗದ್ದದವರೆಗೆ ಮುಳುಗಿ ನಿಮ್ಮನ್ನು ನೋಡಿದ್ದು ನನ್ನ ಕಣ್ಣಿಗೂ ಕಟ್ಟಿದೆ. ಇಷ್ಟಕ್ಕೇ ಮುಗಿದಿದ್ದರೆ ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ.

ಇವತ್ತು ಮಧ್ಯಾಹ್ನ ಬೀರುಗಳ ಕೋಣೆಯಲ್ಲಿ ಒಬ್ಬಳೇ ಗಿಡ ಹೊಲಿಯುತ್ತಿದ್ದೆ. ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಇಸ್ತ್ರಿ ಮಾಡಿದ ಅಂಗಿ. ನೀವು ಬರೆದದ್ದು ನೆನಪಾಗುವ ಮೊದಲೇ ಅವನು ನಕ್ಕ.

"ಚೈತ್ರಕ್ಕ ಅಂದ್ರೆ ನೀವೇ ಅಲ್ರಿ? ಮಾಲತೇಶಣ್ಣ ಹೆಂಗದಾರೆ ಈಗ?" ಅಂದ.

ನಾನು ಸೂಜಿಯನ್ನು ಹಾಳೆಗೆ ಚುಚ್ಚಿಟ್ಟೆ. ಅವನು ಬೀರುಗಳನ್ನೆಲ್ಲ ಒಂದು ಸುತ್ತು ನೋಡಿದ. ಹಾಳೆಯ ಮೇಲಿದ್ದ ಒಣ ಹೂವನ್ನು ಬೆರಳ ತುದಿಯಿಂದ ಮುಟ್ಟಿದ. ಆಮೇಲೆ ಫೋನು ತೆಗೆದು ನನ್ನ ಮುಂದೆ ಹಿಡಿದ. ನಾನು ಬರೆದುಕೊಟ್ಟ ಕಾಗದದ ಫೋಟೋ, ನನ್ನ ಸಹಿ ಸಮೇತ. ಅದು ಅವನ ಕೈಗೆ ಹೇಗೆ ಬಂತೋ, ನಾನು ಅಣ್ಣನ ತಂಗಿ ಅಂತ ಯಾರು ಹೇಳಿದರೋ ಗೊತ್ತಿಲ್ಲ. ಅದರ ಪಕ್ಕಕ್ಕೆ ಬೆರಳು ಸರಿಸಿದ. ಅಣ್ಣನ ಫೋಟೋ, ಕೈಯಲ್ಲಿ ಗಿಡ.

"ಭಾಳ ಚೆನ್ನಾಗಿ ಬರೆದೀರಕ್ಕಾ. ಕಾಲೇಜಿನ ಸೀಲೂ ಐತೆ. ಇನ್ನು ಹುದುಲಿನಾಗ ಉಳಿದದ್ದು ತೆಗೆಸ್ತೀನಿ. ಬೇರೆ ಊರಿನ ಮಾಲೂ ಬರ್ತೈತೆ. ಅರಣ್ಯದೋರು ತಡೆದ್ರೆ ತೋರ್ಸಾಕೆ ಹಿಂಗೇ ಒಂದೊಂದು ಬರ್ಕೊಡ್ರಿ. ನಿಮಗೇನು, ಎರಡು ಸಾಲು. ಅಣ್ಣಗೂ ತ್ರಾಸಿಲ್ಲ, ತಂಗಿಗೂ ತ್ರಾಸಿಲ್ಲ."

ಕಿರುಚಬೇಕಿತ್ತು. ಮೇಡಂ ಪಕ್ಕದ ಕೋಣೆಯಲ್ಲೇ ಇದ್ದರು, ಒಂದು ಕೂಗು ಹಾಕಿದರೆ ಬರುತ್ತಿದ್ದರು. ಕೂಗಿದರೆ ಅಣ್ಣ ಜೈಲಿಗೆ, ಮೇಡಂ ಸಹಿಯೂ ಅದರ ಮೇಲಿದೆ, ಅವರ ಮರ್ಯಾದೆ ಬೀದಿಗೆ. ಸುಮ್ಮನಿದ್ದರೆ ಬೆಳ್ಳಕ್ಕಿ ಒಂದೂ ಉಳಿಯುವುದಿಲ್ಲ. ಅತ್ತಿಗೆ, ಅಣ್ಣ ಅವತ್ತು ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ ಅಂತ ನೀವು ಬರೆದಿದ್ದಿರಿ. ಓದಿದಾಗ ಅವನಿಗೆ ಇಷ್ಟೂ ಧೈರ್ಯವಿಲ್ಲವೇ ಅಂದುಕೊಂಡಿದ್ದೆ.

ಅವನು ನಿಂತೇ ಇದ್ದ, ನಗುತ್ತಲೇ ಇದ್ದ. ನಾನು ಎದುರಿನ ಕುರ್ಚಿಯ ಮೇಲಿದ್ದ ಹಾಳೆಗಳನ್ನು ತೆಗೆದು ಪಕ್ಕಕ್ಕಿಟ್ಟು, "ಕೂಡ್ರಿ" ಅಂದೆ.

ಚೈತ್ರಾ